ಒಂದು ಮಾಳಿಗೆ, ಹಲವರು ಒಡೆಯರು

ಬಳ್ಳಾರಿ ಸೀಮೆಯವರು ಪಡುವಣ ತಾಲ್ಲೂಕುಗಳೆಂದು ಕರೆಯುತ್ತ ಬಂದಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ನೋಡಲೆಂದೇ ಹೊರಡುವ ಯಾತ್ರಿಕರು ವಿರಳ. ಹಂಪೆಗೆ ಬಂದವರು ಹೊಸಪೇಟೆಯಿಂದಲೇ ಹಿಂದಿರುಗುವರು. ಈ ಸೀಮೆಯು 1953ನೆಯ ಇಸವಿಯವರೆಗೆ ಮದರಾಸಿಗೆ ಸೇರಿದ್ದು, ಆ ವರ್ಷದ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಯ ಪಾಲಾಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ನೆರೆಯ ತಾಲ್ಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಇಷ್ಟು ಪಾಲುಗಳನ್ನು ಕಂಡ ನಾಡಿನ ಜನರಿಗೆ ಪಾಲೆಂದರೇನೆಂಬುದನ್ನು ನಾವು ಹೇಳಿಕೊಡಬೇಕಾದುದಿಲ್ಲ.

ಕಳೆದ ವೈಶಾಖದಲ್ಲಿ ನಾವು ಈ ಐದು ಊರುಗಳನ್ನು ಸುತ್ತಿಬಂದೆವು. ದೇವರ ದರ್ಶನ, ಬಂಧುಗಳ ಭೇಟಿ ಇವು ಇದ್ದೇ ಇದ್ದುವು. ಅವುಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಮಡಿಲಲ್ಲಿ ಕಟ್ಟಿಕೊಂಡು ಹೋಗಿದ್ದೆವು. ಈಗ ಇಂತಹ ಊರುಗಳ ಪೇಟೆಬೀದಿಗಳಲ್ಲಿಯೂ ಹಳೆಯ ಮಣ್ಣಿನ ಮಾಳಿಗೆಗಳು ಇಳಿದು, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಸಿಮೆಂಟಿನ ಕಟ್ಟಡಗಳು ಏಳುತ್ತಿವೆ. ಅಂಗಡಿಯೊಂದನ್ನು ಒಬ್ಬರು ಕೊಳ್ಳುವರು, ಮನೆಯೊಂದನ್ನು ಇನ್ನೊಬ್ಬರು. ಒಳಗಣ ನಾಲ್ಕು ಗೋಡೆ ಅವರವರದು. ಮೇಲಣ ಮಾಳಿಗೆ, ನಡುವಣ ಮೆಟ್ಟಿಲು, ಕೆಳಗಣ ಚರಂಡಿ, ಹಿತ್ತಲ ಕೊಳವೆಬಾವಿ ಎಲ್ಲರದು. ಎಲ್ಲರದಾದ ವಸ್ತು ಕೆಟ್ಟಾಗ ಯಾರು ಎಷ್ಟು ಕೊಡತಕ್ಕದ್ದು? ಕೇಳಲು ಸಣ್ಣದೆನಿಸುವ ಈ ಮಾತಿನ ಮೇಲೆ ಎದುರುಬದುರು ಮನೆಯವರು ಮಾತು ಬಿಟ್ಟಿರುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ.

ಕೂಡ್ಲಿಗಿಯ ನೆಲ ಕೆಂಪು. ಎತ್ತ ನೋಡಿದರೂ ಬಂಡೆಗುಡ್ಡ, ದಾರಿಯುದ್ದಕ್ಕೂ ಹುಣಿಸೆಮರ. ಊರಲ್ಲಿ ಮಹಾತ್ಮರ ಚಿತಾಭಸ್ಮವನ್ನು ಇರಿಸಿದ ಸ್ಮಾರಕವುಂಟು. ಅಲ್ಲಿ ಕೈಮುಗಿದು ಹಳ್ಳಿಗಳ ಕಡೆಗೆ ನಡೆದೆವು. ಇಲ್ಲಿನ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಹಾಸು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣನ್ನು ಪುಟ್ಟಿಗಳಲ್ಲಿ ಹೊತ್ತು ತಂದು ಹರಡಿ ತುಳಿದು ಗಟ್ಟಿಮಾಡಬೇಕು. ಒಂದು ವರ್ಷ ಮರೆತರೆ ಮರುವರ್ಷ ಮನೆಯೊಳಗೆ ಪಾತ್ರೆಗಳನ್ನು ಸಾಲಾಗಿ ಇಡಬೇಕಾಗುತ್ತದೆ.

ಇಂತಹ ಮನೆ ಮೂವರು ಅಣ್ಣತಮ್ಮಂದಿರಿಗೆ ಪಾಲಾದರೆ ಒಳಗೆ ಎರಡು ಗೋಡೆ ಏಳುವುವು. ಮಾಳಿಗೆಯ ಮೇಲೆ ಮಾತ್ರ ಗೋಡೆಯೇಳುವುದಿಲ್ಲ. ತಮ್ಮನ ಪಾಲಿನ ಮೇಲೆ ಬಿದ್ದ ಮಳೆ ಅಣ್ಣನ ಪಾಲಿನ ದೋಣಿಯಿಂದ ಬೀದಿಗೆ ಬೀಳುವುದು. ನಡುವಣವನು ಮಣ್ಣು ಹಾಕದೆ ಬಿಟ್ಟರೆ ನೀರು ಅವನ ಜಂತಿಯನ್ನು ತಿಂದು ಅಷ್ಟಕ್ಕೇ ತೃಪ್ತಿಪಡದೆ ಇಕ್ಕೆಲದ ಗೋಡೆಗಳಿಗೂ ಇಳಿಯುವುದು. ಆದಕಾರಣ ಮೂವರೂ ಒಂದೇ ದಿನ ಮಣ್ಣು ಹೊರುವುದು ವಾಡಿಕೆಯಾಗಿತ್ತೆಂದು ಹಿರಿಯರು ಹೇಳಿದರು. ಯಾರ ಪಾಲಿನ ಮಾಳಿಗೆ ಎಷ್ಟು ಅಂಕಣವೋ ಅಷ್ಟು ಪುಟ್ಟಿ ಮಣ್ಣು. ಅಳತೆ ಕಣ್ಣಿಗೆ ಕಾಣುವಂತಹುದು. ಬರೆದಿಡಬೇಕಾದ ಅಗತ್ಯ ಅವರಿಗೆ ಬೀಳಲಿಲ್ಲ.

ಪಾಲಾಗದ ವಸ್ತುಗಳ ವಿಚಾರ ನಮ್ಮ ಧರ್ಮಶಾಸ್ತ್ರಕ್ಕೆ ಹೊಸದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಬಾವಿ ಮೊದಲಾದುವನ್ನು ಅವಿಭಾಜ್ಯವೆಂದು ಎಣಿಸಿದ್ದಾನೆ. ಅವನ್ನು ಕಡಿದು ಹಂಚುವಂತಿಲ್ಲ, ಬೆಲೆಕಟ್ಟಿ ಹಂಚುವಂತಿಲ್ಲ, ಸರದಿಯಂತೆ ಅನುಭವಿಸತಕ್ಕದ್ದು. ಇಂಗ್ಲಿಷರ ಕಾಲಕ್ಕೆ ಬಂದರೆ, 1882ರ ಅನುಭೋಗದ ಹಕ್ಕುಗಳ ಕಾಯಿದೆ ಮೊಟ್ಟಮೊದಲು ಜಾರಿಗೆ ಬಂದ ಪ್ರಾಂತ್ಯಗಳಲ್ಲಿ ಮದರಾಸೂ ಒಂದು. ಹೀಗೆ ಈ ತಾಲ್ಲೂಕುಗಳು ಅದರ ಅಡಿಗೆ ಬಹು ಮುಂಚಿತವಾಗಿಯೇ ಬಂದುವು. ನೆರೆಯವನ ನೆಲದ ಮೇಲೆ ನಮ್ಮ ನೀರು ಹರಿಸುವ ಹಕ್ಕು ನಮಗಿದ್ದರೆ ಆ ಕಾಲುವೆಯ ದುರಸ್ತಿಯ ವೆಚ್ಚ ನಮ್ಮದೇ ಎಂದು ಆ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಹಕ್ಕು ಯಾರದೋ ಖರ್ಚು ಅವರದು. ಆದರೆ ಹಕ್ಕು ಎಂಟು ಜನರದಾದಾಗ ಆ ಖರ್ಚು ಎಂಟಾಗುವುದು ಹೇಗೆ? ಇದಕ್ಕೆ ಉತ್ತರ ಕೂಡ್ಲಿಗಿಯಲ್ಲಿ ನಮಗೆ ದೊರೆಯಲಿಲ್ಲ.

ಕೊಟ್ಟೂರಿಗೆ ಹೋಗುವ ಮುನ್ನ ಉಜ್ಜಿನಿಯನ್ನು ನೋಡಿದೆವು. ಪಂಚಪೀಠಗಳಲ್ಲೊಂದಾದ ಇಲ್ಲಿನ ಮರುಳಸಿದ್ಧೇಶ್ವರ ದೇವಾಲಯದ ಕೆತ್ತನೆಯ ಸೊಗಸನ್ನು ಬಣ್ಣಿಸಹೊರಟರೆ ಅದೇ ಒಂದು ಲೇಖನವಾದೀತು. ಜಾತ್ರೆಯ ಕಾಲದಲ್ಲಿ ಇಲ್ಲಿ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಪೂರ್ವಕಾಲದ ಪದ್ಧತಿ. ಅದರೊಡನೆ ಭಕ್ತರು ಮನೆಮನೆಯಿಂದ ತಂದ ಎಣ್ಣೆಯೂ ಸೇರಿ ಶಿಖರದ ತುದಿಯಿಂದ ಕೆಳಕ್ಕೆ ಇಳಿಯುತ್ತದೆ. ಯಾರದು ಎಷ್ಟು ಎಂದು ಅಲ್ಲಿ ಅಳೆಯುವವರಿಲ್ಲ. ದೇವರ ಮಾಳಿಗೆಗೆ ಇದು ಸಾಕು. ಮನುಷ್ಯರ ಮಾಳಿಗೆಗೆ ಭಕ್ತಿಯ ಎಣ್ಣೆ ಒದಗುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಕೊಟ್ಟೂರಿನಲ್ಲಿಯೂ ಗುರು ಕೊಟ್ಟೂರೇಶ್ವರನ ತೇರು ಊರೂರ ಜನರು ಕೂಡಿ ಎಳೆಯತಕ್ಕದ್ದು; ದೂರದ ಊರುಗಳಿಂದ ಪಾದಯಾತ್ರೆಯಲ್ಲಿ ಬರುವವರಿಗೆ ದಾರಿಯ ಹಳ್ಳಿಗಳವರು ಕೇಳದೆಯೇ ಅನ್ನ ನೀರು ಒದಗಿಸುತ್ತಾರೆ. 2017ರ ರಥೋತ್ಸವದಲ್ಲಿ ಆ ಹಳೆಯ ತೇರು ಉರುಳಿತು. ಅನಂತರ ಹೊಸ ತೇರಾಯಿತು. ಅಂದು ಬೀದಿಯಲ್ಲಿದ್ದವರು ಆ ಸದ್ದನ್ನು ಇನ್ನೂ ಮರೆತಿಲ್ಲ.

ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅಂಕಸಮುದ್ರದ ಕೆರೆ. ಸುಮಾರು 244 ಎಕರೆಯ ಹಳೆಯ ನೀರಾವರಿಯ ಕೆರೆ. ಒಳಗೆ ನೀರಿನಲ್ಲಿಯೇ ನಿಂತ ಜಾಲಿಮರಗಳು. ಮರದ ತುಂಬ ಬಣ್ಣದ ಕೊಕ್ಕರೆ, ನೀರುಕಾಗೆಗಳ ಗೂಡುಗಳು. ಇದೀಗ ಪಕ್ಷಿಗಳ ಸಂರಕ್ಷಿತ ತಾಣವೆನಿಸಿದೆ. 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ರೈತರ ಕೆರೆಗೆ ಕೊಕ್ಕರೆಗಳೂ ಪಾಲುದಾರರಾದಂತಾಯಿತು. ವೆಚ್ಚದ ಪಟ್ಟಿಯಲ್ಲಿ ಅವುಗಳ ಹೆಸರು ಬರೆಯುವಂತಿಲ್ಲವಷ್ಟೆ.

ನಮ್ಮ ಪ್ರಶ್ನೆಗೆ ಹಳೆಯ ಉತ್ತರಗಳಿರುವುದು ಕೆರೆಗಳಲ್ಲಿಯೇ. ಏರಿ, ತೂಬು, ಕೋಡಿ ಇವು ಎಲ್ಲರವು, ಗದ್ದೆ ಅವರವರದು. ತೂಬಿನ ಬಳಿಯ ಗದ್ದೆಗೆ ನೀರು ಮೊದಲು, ಕೊನೆಯ ಗದ್ದೆಗೆ ಮಿಕ್ಕಿದ್ದು. ಏರಿ ಒಡೆದರೆ ಇಬ್ಬರಿಗೂ ಇಲ್ಲ. ಇದಕ್ಕೆ ಕನ್ನಡ ನಾಡಿನ ಶಾಸನಗಳಲ್ಲಿ 'ಬಿತ್ತುವಟ್ಟ', 'ದಶವಂದ' ಎಂಬ ಮಾತುಗಳು ಬರುವುವು. ಕೆರೆಯ ಕೆಳಗಣ ಭೂಮಿಯಿಂದ ಒಂದು ಅಂಶವನ್ನು ಕೆರೆಯ ಸಲುವಾಗಿಯೇ ತೆಗೆದಿಡುವುದು ಬಿತ್ತುವಟ್ಟ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಹತ್ತರಲ್ಲೊಂದರ ಲೆಕ್ಕದಲ್ಲಿ ಕೊಡುವ ಮಾನ್ಯ ದಶವಂದ. ಏರಿ ಬಿರಿದ ದಿನ ಬಾಗಿಲಿಂದ ಬಾಗಿಲಿಗೆ ಹಣ ಬೇಡುವ ಗೋಜಿಲ್ಲ. ಬೆಳೆ ಬಂದಾಗಲೇ ಕೆರೆಯ ಪಾಲು ಬೇರೆಯಾಗಿ ಕೂತಿರುತ್ತದೆ. ಮದರಾಸಿನ ಆಳ್ವಿಕೆಯಲ್ಲಿ ಇದರ ಜಾಗಕ್ಕೆ ಕುಡಿಮರಾಮತ್ತೆಂಬ ಊರವರ ಬಿಟ್ಟಿದುಡಿಮೆಯನ್ನು ಅವಲಂಬಿಸಿದರು. ಆಪತ್ಕಾಲದಲ್ಲಿ ಕೆರೆಯ ಕೆಲಸಕ್ಕೆ ಬಾರದವರನ್ನು ಕಟ್ಟುಮಾಡಲು 1858ರಲ್ಲಿ ಒಂದು ಕಾಯಿದೆಯನ್ನೂ ಮಾಡಿದರು. ಕಾಯಿದೆ ಬೇಕಾಯಿತೆಂದರೆ ಜನ ಬರುತ್ತಿರಲಿಲ್ಲವೆಂದೇ ಅರ್ಥ. ಮೊದಲು ತೆಗೆದಿಟ್ಟ ಪಾಲಿಗೂ ಆಮೇಲೆ ಕೇಳುವ ಬಿಟ್ಟಿಗೂ ಇರುವ ಅಂತರ ಇದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕಿಂತಲೂ ಖಾರವಾದ ನಿಯಮವುಂಟು. ಹಲವರು ಕೂಡಿ ಕಟ್ಟುವ ಕಟ್ಟೆಯ ಕೆಲಸದಿಂದ ಒಬ್ಬನು ಹಿಂಜರಿದರೆ ಅವನ ಆಳುಗಳೂ ಎತ್ತುಗಳೂ ಬಂದು ದುಡಿಯಬೇಕು. ಅವನು ವೆಚ್ಚದಲ್ಲಿ ಪಾಲು ಕೊಡಬೇಕು. ಫಲದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ಈ ಮಾತನ್ನು ಒಂದು ಪೇಟೆಕಟ್ಟಡದ ಬಾಗಿಲಲ್ಲಿ ತೂಗುಹಾಕಬೇಕೆಂದು ನಮಗೆ ಅನ್ನಿಸಿತು. ಕೊನೆಯ ವಾಕ್ಯವನ್ನು ಇಂದು ನಡೆಸುವುದು ಕಷ್ಟ. ಮಾಳಿಗೆಯ ನೆರಳನ್ನು ಒಬ್ಬನಿಂದ ಹೇಗೆ ಕಸಿದುಕೊಳ್ಳುವುದು?

ಹೂವಿನ ಹಡಗಲಿಯಲ್ಲಿ ಮಲ್ಲಿಗೆಯ ಕಾಲ. ಬೆಳಗಿನ ಜಾವವೇ ಕೊಯ್ದ ಮೊಗ್ಗು ಬಸ್ಸು ಹತ್ತಿ ಹೊರಡುತ್ತಿತ್ತು. ಆ ಪರಿಮಳದಲ್ಲಿ ಒಂದು ರಾತ್ರಿ ಕಳೆದು ತುಂಗಭದ್ರೆಯ ಹಿನ್ನೀರಿನ ಕಡೆಗೆ ಹೋದೆವು. ಬೇಸಗೆಯಾದ್ದರಿಂದ ನೀರು ದೂರ ಸರಿದು ಬಿರುಕುಬಿಟ್ಟ ಕೆಸರುನೆಲ ಕಾಣುತ್ತಿತ್ತು. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಹಲವು ಹಳ್ಳಿಗಳು ಈ ನೀರಿನಡಿಯಲ್ಲಿ ಸೇರಿಹೋಗಿವೆ. ಜಲಾಶಯಕ್ಕೆ ಈ ಸೀಮೆಯವರು ಕೊಟ್ಟ ವಂತಿಗೆ ಅದು. ಯಾವ ಲೆಕ್ಕದ ಪುಸ್ತಕದಲ್ಲಿಯೂ ಅದಕ್ಕೆ ಸರಿಯಾದ ಅಂಕಿಯಿಲ್ಲ.

ಈ ಅಣೆಕಟ್ಟು ಹುಟ್ಟಿದ್ದೇ ಇಬ್ಬರು ಒಡೆಯರ ಸ್ವತ್ತಾಗಿ. 1945ರ ಫೆಬ್ರವರಿ 28ರಂದು ನದಿಯ ಒಂದು ದಡದಲ್ಲಿ ಹೈದರಾಬಾದಿನವರೂ ಇನ್ನೊಂದು ದಡದಲ್ಲಿ ಮದರಾಸಿನವರೂ ಬೇರೆಬೇರೆ ಅಡಿಗಲ್ಲು ಹಾಕಿದರು. ನದಿ ಒಂದು, ಗೋಡೆ ಒಂದು, ಅಡಿಗಲ್ಲು ಮಾತ್ರ ಎರಡು! ಒಡೆಯರು ಅನಂತರ ಬದಲಾದರು. 1953ರಿಂದ ತುಂಗಭದ್ರಾ ಮಂಡಳಿಯೆಂಬ ಮೂರನೆಯವರು ಅದರ ಪಾರುಪತ್ಯಕ್ಕೆ ಬಂದರು. ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುವುದು. ಪಾಲುದಾರ ರಾಜ್ಯಗಳ ಪ್ರತಿನಿಧಿಗಳು ಸದಸ್ಯರು. ಹಣವನ್ನು ಒದಗಿಸತಕ್ಕವರು ರಾಜ್ಯಗಳೇ. ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ 212 ಟಿ.ಎಂ.ಸಿ. ನೀರಿನಲ್ಲಿ ಕರ್ನಾಟಕಕ್ಕೆ ಸುಮಾರು 139, ಅಂದಿನ ಆಂಧ್ರಪ್ರದೇಶಕ್ಕೆ 73. ಇಂದು ಆ 73ರಲ್ಲಿ ತೆಲಂಗಾಣಕ್ಕೂ ಸಣ್ಣದೊಂದು ಭಾಗವಿದೆ. ನೀರು ಕಡಮೆಯಾದ ವರ್ಷ ಇದ್ದಷ್ಟನ್ನೇ ಅದೇ ಪ್ರಮಾಣದಲ್ಲಿ ಹಂಚುವರು. ಅಣೆಕಟ್ಟೆಯ ಉಪಯೋಗಗಳೂ ಒಂದಲ್ಲ: ಗದ್ದೆಗೆ ನೀರು, ಊರಿಗೆ ಕುಡಿಯುವ ನೀರು, ಕಾರ್ಖಾನೆಗೆ ನೀರು, ವಿದ್ಯುತ್ತು. ಕೆಳಗೆ ಅಂಗಡಿ ಮೇಲೆ ಮನೆ ಇರುವ ಕಟ್ಟಡವನ್ನು ನೂರು ಸಾವಿರ ಪಟ್ಟು ಹಿಗ್ಗಿಸಿದರೆ ಇದೇ ಆಗುವುದು.

ಇಲ್ಲಿಯೂ ಕೆಡುಕು ನಿಧಾನವಾಗಿ ಬಂದಿದೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಸುಮಾರಿಗೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಕೆರೆಯ ನೀರನ್ನು ಹೊರಬಿಟ್ಟು, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಅಡ್ಡಗಟ್ಟನ್ನು ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಆ ವಾರ ಯಾರ ಪಾಲು ಎಷ್ಟೆಂದು ವಾದಿಸುತ್ತ ಕೂರುವಂತಿರಲಿಲ್ಲ. ಪಾಲು ಎಪ್ಪತ್ತು ವರ್ಷಗಳ ಹಿಂದೆಯೇ ಗೊತ್ತಾಗಿತ್ತು, ಕೆಲಸ ಮಾಡಿಸುವವರು ಯಾರೆಂಬುದೂ ಗೊತ್ತಾಗಿತ್ತು. ಇವೆರಡೂ ಇಲ್ಲದ ಮನೆಗಳಲ್ಲಿ ಒಂದು ಕೊಳವೆ ಒಡೆದರೂ ವಾರ ಸಾಲದು.

ಅಂತಹ ಒಂದು ಮನೆ ನಮಗೆ ಹರಪನಹಳ್ಳಿಯಲ್ಲಿ ಸಿಕ್ಕಿತು. ಬಂಧುಗಳೊಬ್ಬರು ಇಳಿದಿದ್ದ ಕಟ್ಟಡವದು. ಗುರುತು ಬೇಡವೆಂದು ಬೀದಿಯ ಹೆಸರನ್ನು ಬಿಟ್ಟು, ಅಂಕಿಗಳನ್ನೂ ಲೆಕ್ಕಕ್ಕೆ ಒಗ್ಗುವಂತೆ ನಾವೇ ಜೋಡಿಸಿ ಹೇಳುತ್ತೇವೆ. ಕೆಳಗೆ ನಾಲ್ಕು ಅಂಗಡಿ: ಕಿರಾಣಿ, ಔಷಧಿ, ಬಟ್ಟೆ, ಒಂದು ಖಾನಾವಳಿ, ಒಂದೊಂದೂ 250 ಚದರಡಿ. ಮೇಲೆ ಎರಡು ಅಂತಸ್ತುಗಳಲ್ಲಿ 750 ಚದರಡಿಯ ನಾಲ್ಕು ಮನೆ. ಒಟ್ಟು 4,000 ಚದರಡಿ, ಎಂಟು ಒಡೆಯರು. ತುದಿಯ ಅಂತಸ್ತಿನ ಒಂದು ಮನೆಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಒಂಟಿಯಾಗಿ ಇರುವರು. ಇನ್ನೊಂದರ ಒಡೆಯರು ಬೆಂಗಳೂರಿನಲ್ಲಿ, ಬಾಗಿಲಿಗೆ ಬೀಗ. ಎರಡು ಮಳೆಗಾಲದಿಂದ ಮಾಳಿಗೆ ಸೋರುತ್ತಿದೆ. ಉಪಾಧ್ಯಾಯಿನಿಯವರ ಅಡಿಗೆಮನೆಯ ಸೂರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಗಾರೆ ಉದುರತೊಡಗಿದೆ. ಸರಿಪಡಿಸಲು 80,000 ರೂಪಾಯಿ ಬೇಕೆಂದು ಮೇಸ್ತ್ರಿ ಹೇಳಿದ್ದಾನೆ.

ನಾವಿದ್ದ ಸಂಜೆ ಎಲ್ಲರೂ ಮೆಟ್ಟಿಲಿನ ಕೆಳಗೆ ಕೂಡಿದರು. ಕಿರಾಣಿಯವರು ಮೊದಲು ಬಾಯಿಬಿಟ್ಟರು: "ಅಕ್ಕಾರೆ, ಮಳಿ ನಿಮ್ಮ ಮನಿಯಾಗ ಸೋರತೈತಿ. ನನ್ನ ಅಂಗಡ್ಯಾಗ ಒಂದು ಹನಿ ಬಿದ್ದಿಲ್ಲ." ಉಪಾಧ್ಯಾಯಿನಿಯವರು ಸಮಾಧಾನದಿಂದಲೇ, "ನನ್ನ ಸೂರು ಬಿದ್ದರ ಅದು ನಿಮ್ಮ ಅಂಗಡಿ ಮ್ಯಾಲೇ ಬೀಳೋದು, ಅಣ್ಣಾರೆ," ಎಂದರು. ಅನಂತರ ಲೆಕ್ಕ ಎದ್ದಿತು. ತಲೆಗೊಂದು ಪಾಲೆಂದರೆ ಪ್ರತಿಯೊಬ್ಬರಿಗೂ 10,000, ಅಂಗಡಿಯವರು ಒಪ್ಪರು. ಚದರಡಿಯ ಲೆಕ್ಕವೆಂದರೆ ಅಂಗಡಿಗೆ 5,000, ಮನೆಗೆ 15,000, ಮನೆಯವರು ಒಪ್ಪರು. ಬೀದಿಗೆ ಮುಖವಾದ ಅಂಗಡಿಯ ಚದರಡಿಗೆ ಮನೆಯದರ ಎರಡು ಪಟ್ಟು ಬೆಲೆಯುಂಟಲ್ಲ, ಬೆಲೆಯ ಮೇಲೆ ಹಾಕಿ ಎಂದು ಔಷಧಿ ಅಂಗಡಿಯವರೇ ಸೂಚಿಸಿದ್ದು ನಮಗೆ ಆಶ್ಚರ್ಯವಾಯಿತು. ಆಗ ಅಂಗಡಿಗೆ 8,000, ಮನೆಗೆ 12,000 ಬೀಳುವುದು. ಒಂದೇ ಮಾಳಿಗೆಗೆ ಮೂರು ಲೆಕ್ಕ. ಮೂರೂ ಕೂಡಿಸಿದರೆ ಸರಿಯಾಗಿ 80,000ವೇ.

ಈ ಮೂರರಲ್ಲಿ ನಮ್ಮ ಶಾಸನಕರ್ತರು ಆರಿಸಿದ್ದು ಬೆಲೆಯ ಲೆಕ್ಕವನ್ನು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯಂತೆ, ಇಡೀ ಸ್ವತ್ತಿನ ಬೆಲೆಗೆ ಅವರವರ ಮನೆಯ ಬೆಲೆ ಎಷ್ಟನೆಯ ಅಂಶವೋ ಸಮಾನ ಸ್ವತ್ತಿನಲ್ಲಿ ಅವರಿಗೆ ಅಷ್ಟು ಅವಿಭಕ್ತ ಪಾಲು. ಸಮಾನ ವೆಚ್ಚವೂ ಅದೇ ಪ್ರಮಾಣ. ಈ ಅಂಕಿಯನ್ನು ಘೋಷಣಾಪತ್ರದಲ್ಲಿ ಬರೆದು ನೋಂದಾಯಿಸಬೇಕು. ಎಲ್ಲ ಒಡೆಯರ ಒಪ್ಪಿಗೆಯಿಲ್ಲದೆ ಆಮೇಲೆ ತಿದ್ದುವಂತಿಲ್ಲ. ನಾನು ಮೆಟ್ಟಿಲು ಹತ್ತುವುದಿಲ್ಲ, ನನ್ನ ಮನೆಗೆ ಬೀಗ ಹಾಕಿದೆ ಎಂದು ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಆ ಕಾಯಿದೆ ವಾಸದ ಮನೆಗಳಿಗಾಗಿ ಮಾಡಿದ್ದು. ಅಂಗಡಿ ಮನೆಗಳು ಬೆರೆತ ಕಟ್ಟಡ ಅದರ ಹೊಸ್ತಿಲಾಚೆ ನಿಲ್ಲುತ್ತದೆ. ಅಂತಹವರು 1959ರ ಸಹಕಾರ ಸಂಘಗಳ ಕಾಯಿದೆಯಡಿ ಸಂಘ ಮಾಡಿಕೊಳ್ಳಬೇಕು, ಇಲ್ಲವೆ ಎಲ್ಲರೂ ರುಜು ಮಾಡಿದ ಕರಾರುಪತ್ರವನ್ನು ನೋಂದಾಯಿಸಿಕೊಳ್ಳಬೇಕು; ವಕೀಲರನ್ನು ಕೇಳಿ ಮಾಡತಕ್ಕ ಕೆಲಸ. ಉಪಾಧ್ಯಾಯಿನಿಯವರು ತಾವೇ ದುರಸ್ತಿ ಮಾಡಿಸಿ, ಫಲವನ್ನುಂಡವರಿಂದ ಹಣವನ್ನು ಕೇಳಲು 1872ರ ಕರಾರುಗಳ ಕಾಯಿದೆಯ 70ನೆಯ ಪ್ರಕರಣದಲ್ಲಿ ಒಂದು ಸಂದಿಯುಂಟು. ಆದರೆ ಕೋರ್ಟಿನ ಮೆಟ್ಟಿಲು ಆ ಕಟ್ಟಡದ ಮೆಟ್ಟಿಲಿಗಿಂತ ಬಹಳ ಕಡಿದು. ಅವರ ಮೊಣಕಾಲು ಅದಕ್ಕೂ ಒಪ್ಪದು, ಇದಕ್ಕೂ ಒಪ್ಪದು.

ಎಲ್ಲ ವೆಚ್ಚಕ್ಕೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಫ್ರಾನ್ಸ್ ದೇಶದ 1965ರ ಕಾಯಿದೆಯು ಕಟ್ಟಡ ನಿಲ್ಲಲು ಬೇಕಾದ ವೆಚ್ಚವನ್ನು ಪಾಲಿನ ಬೆಲೆಯ ಮೇಲೆಯೂ, ಲಿಫ್ಟಿನಂತಹ ಸೌಕರ್ಯದ ವೆಚ್ಚವನ್ನು ಅದು ಆ ಭಾಗಕ್ಕೆ ಎಷ್ಟು ಉಪಯುಕ್ತವೆಂಬುದರ ಮೇಲೆಯೂ ಹಾಕುತ್ತದೆ. ಇಟಲಿಯವರು 1942ರ ಸಂಹಿತೆಯಲ್ಲಿ ಇನ್ನೂ ಕೂದಲು ಸೀಳಿದ್ದಾರೆ: ಮೆಟ್ಟಿಲಿನ ವೆಚ್ಚದಲ್ಲಿ ಅರ್ಧ ಬೆಲೆಯ ಮೇಲೆ, ಇನ್ನರ್ಧ ಅಂತಸ್ತಿನ ಎತ್ತರದ ಮೇಲೆ. ಬಿಸಿಲುಮಾಳಿಗೆಯನ್ನು ಒಬ್ಬನೇ ಬಳಸುತ್ತಿದ್ದರೆ ದುರಸ್ತಿಯ ಮೂರರಲ್ಲೊಂದು ಪಾಲು ಅವನದು. ಉಳಿದೆರಡು ಪಾಲು ಆ ಮಾಳಿಗೆ ಯಾರಿಗೆಲ್ಲ ಮರೆಯಾಗಿದೆಯೋ ಅವರದು. ಇದನ್ನು ಅಂದು ಸಂಜೆ ಹೇಳಿದಾಗ ಬಟ್ಟೆ ಅಂಗಡಿಯವರು ನಕ್ಕು, ಇಟಲಿಯಲ್ಲಿಯೂ ಕಿರಾಣಿಯವರು ಇದ್ದಾರೆಂದಾಯಿತು ಎಂದರು. ನಗು ಬಂದ ಮೇಲೆ ಮಾತು ಮುಂದೆ ಸಾಗಿತು.

ಮಾಳಿಗೆ, ಅಡಿಪಾಯ, ಹೊರಗೋಡೆಗಳಿಗೆ ಬೆಲೆಯ ಪ್ರಮಾಣವೆಂದು ಒಪ್ಪಿದರು. ಮೆಟ್ಟಿಲಿನ ದೀಪ, ಗುಡಿಸುವ ಕೂಲಿ ಮೇಲಿನ ನಾಲ್ವರದು. ಕೊಳವೆಬಾವಿಯ ನೀರಿಗೆ ಎಂಟು ಕಡೆಯೂ ಮೀಟರು ಕೂರಿಸಿ, ಪಂಪಿನ ವಿದ್ಯುತ್ತಿನ ಬಿಲ್ಲನ್ನು ಮೀಟರಿನಂತೆ ಹಂಚುವುದು. ದಿನಕ್ಕೆ ನೂರು ತಟ್ಟೆ ತೊಳೆಯುವ ಖಾನಾವಳಿಯವರೂ ಒಂಟಿ ಉಪಾಧ್ಯಾಯಿನಿಯವರೂ ಇಷ್ಟು ದಿನ ಸರಿಸಮ ಕೊಡುತ್ತಿದ್ದರೆಂಬುದು ಆಗಲೇ ಹೊರಬಿದ್ದದ್ದು. ಖಾನಾವಳಿಯ ಜಿಡ್ಡಿನಿಂದ ಚರಂಡಿ ಕಟ್ಟಿದರೆ ಅದರ ಖರ್ಚು ಖಾನಾವಳಿಯದೇ. ಇನ್ನು 80,000ವನ್ನು ಒಮ್ಮೆಗೇ ಕೇಳಿದ್ದರಿಂದಲ್ಲವೆ ಎಲ್ಲರೂ ಬೆಚ್ಚಿದ್ದು? ಐದು ವರ್ಷಕ್ಕೊಮ್ಮೆ ಇಷ್ಟು ವೆಚ್ಚ ಬರುವುದೆಂದು ಇಟ್ಟುಕೊಂಡರೆ ತಿಂಗಳಿಗೆ ಮನೆಗೆ 200 ರೂಪಾಯಿ, ಅಂಗಡಿಗೆ 133ರ ಮೇಲೆ ಕೆಲವು ಪೈಸೆ. ನಾವು ಬಿತ್ತುವಟ್ಟದ ಮಾತೆತ್ತಿದೆವು. ಕೆರೆಯ ಕೆಳಗೆ ಗದ್ದೆಯಿದ್ದ ಕಿರಾಣಿಯವರಿಗೆ ಅದು ಕೂಡಲೆ ಹಿಡಿಯಿತು. ಈ ಬಾರಿಯ ಹಣವನ್ನು ಮೂರು ಕಂತುಗಳಲ್ಲಿ ಕೊಡುವುದಾಗಿಯೂ ಬ್ಯಾಂಕಿನಲ್ಲಿ ಇಬ್ಬರ ರುಜುವಿನ ಖಾತೆ ತೆರೆಯುವುದಾಗಿಯೂ ಬರೆದುಕೊಂಡರು. ಬೆಂಗಳೂರಿನ ಒಡೆಯರಿಗೆ ಫೋನಿನಲ್ಲಿ ಓದಿ ಹೇಳಿದರು. ಬೀಗ ಹಾಕಿದ ಮನೆಗೂ ಪಾಲೇ ಎಂದು ಅವರು ಎರಡು ಸಲ ಕೇಳಿ, ಕೊನೆಗೆ ಕಾಗದ ಕಳುಹಿಸಿ ನೋಡುತ್ತೇನೆ ಎಂದರು.

ಎಲ್ಲರೂ ಏಳುವಾಗ ಬಟ್ಟೆ ಅಂಗಡಿಯವರು, ಮಾಳಿಗೆಯ ಮೇಲೆ ಮೊಬೈಲು ಗೋಪುರ ನಿಲ್ಲಿಸಲು ಒಂದು ಕಂಪೆನಿಯವರು ಬಾಡಿಗೆ ಕೊಡುವರಂತೆ, ಆ ಹಣ ಯಾರಿಗೆ ಸೇರುವುದೆಂದು ಕೇಳಿದರು. ಸಮಾನ ವೆಚ್ಚದಂತೆಯೇ ಸಮಾನ ಲಾಭವನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕೆಂದು 1972ರ ಕಾಯಿದೆ ಹೇಳುತ್ತದೆಯೆಂದೆವು. ಹೊರಟು ನಿಂತಿದ್ದ ಕಿರಾಣಿಯವರು ಮತ್ತೆ ಕುಳಿತರು. ಸೋರುವ ಮಾಳಿಗೆಯ ಮೇಲೆ ಗೋಪುರದ ಭಾರ ಹೊರಿಸಬಹುದೆ ಎಂದು ಮೊದಲು ಇಂಜಿನಿಯರರನ್ನು ಕೇಳಬೇಕೆಂದು ಉಪಾಧ್ಯಾಯಿನಿಯವರು ಹೇಳಿದರು. ಆ ಮಾತನ್ನೂ ಪುಸ್ತಕದಲ್ಲಿ ಬರೆದು, ಮುಂದಿನ ಅಮಾವಾಸ್ಯೆಯ ದಿನ, ಅಂಗಡಿಗಳಿಗೆ ಬಿಡುವಿರುವಾಗ, ಮತ್ತೆ ಕೂಡುವುದೆಂದು ಗೊತ್ತುಮಾಡಿದರು.